ಆ ಮೀನು ಶಾರ್ಕ್ ಅಲ್ಲ ಕಣೋ

ಮಲ್ಲೇಶ್ವರ, ಬೆಂಗಳೂರು

ಚಿ. ಪ್ರಣವನಿಗೆ ಸೋದರಮಾವನ ಆಶೀರ್ವಾದಗಳು.

ನೀನು ಕಳಿಸಿದ ಫೋಟೊ ನೋಡಿದೆ. ಅಂಗಡಿಯವನು ಶಾರ್ಕ್ ಅಂತ ಹೇಳಿ ಮಾರಿದ್ದು ಪಂಗಾಸಿಯಸ್. ಬಾಯಿ ಪಕ್ಕ ಮೀಸೆ ಇದೆ ನೋಡು, ಕ್ಯಾಟ್‌ಫಿಷ್ ಜಾತಿ. ಹೋಟೆಲುಗಳಲ್ಲಿ ಬಾಸಾ ಅಂತ ತಟ್ಟೆಗೆ ಬರುವುದೂ ಸಾಮಾನ್ಯವಾಗಿ ಇದೇ. ಈಗ ಬೆರಳುದ್ದ ಇದೆ, ಬೆಳೆದರೆ ಒಂದು ಮೀಟರ್ ದಾಟುತ್ತದೆ. ನಿಮ್ಮ ಫ್ಲ್ಯಾಟಿನ ಎರಡಡಿ ತೊಟ್ಟಿ ಎಲ್ಲಿ ಸಾಲುತ್ತದೆ? ಅಂಗಡಿಗೇ ವಾಪಸ್ ಕೊಡು. ಪಾಪ ಅಂತ ಯಲಹಂಕ ಕೆರೆಗೆ ಮಾತ್ರ ಬಿಡಬೇಡ. ಅದು ಮೆಕಾಂಗ್ ನದಿಯ ಮೀನು, ನಮ್ಮ ಕೆರೆಯದ್ದಲ್ಲ.

ನಿಜವಾದ ಶಾರ್ಕ್ ಗುರುತಿಸೋದು ಸುಲಭ. ರೋಹು, ಕಾಟ್ಲಾ ಎಲ್ಲದರ ಕಿವಿರಿಗೂ ಒಂದು ಮುಚ್ಚಳ ಇರುತ್ತದೆ. ಶಾರ್ಕಿಗೆ ಮುಚ್ಚಳವಿಲ್ಲ. ಒಂದೊಂದು ಬದಿಗೆ ಐದರಿಂದ ಏಳು ಸೀಳುಗಳು ಹಾಗೇ ಕಾಣುತ್ತವೆ. ಮೈಯಲ್ಲಿ ಗಟ್ಟಿ ಮೂಳೆಯಿಲ್ಲ, ನಮ್ಮ ಕಿವಿಯಲ್ಲಿರುವಂಥ ಮೆದುಮೂಳೆ. ತೇಲಲು ಗಾಳಿಚೀಲವಿಲ್ಲ, ಎಣ್ಣೆ ತುಂಬಿದ ದೊಡ್ಡ ಲಿವರ್ ಇದೆ. ಮೂತಿಯ ಮೇಲಿನ ಸಣ್ಣ ತೂತುಗಳಲ್ಲಿ ಜೆಲ್ಲಿಯಂಥದ್ದು ತುಂಬಿರುತ್ತದೆ. ಮರಳಿನಡಿ ಅಡಗಿದ ಮೀನಿನ ದೇಹದ ವಿದ್ಯುತ್ತನ್ನೂ ಅದು ಹಿಡಿಯುತ್ತದೆ!

ಆದರೆ ನಾನು ಹೇಳಬೇಕಾದದ್ದು ಬೇರೆ. ಶಾರ್ಕ್ ಓದಬೇಕು ಅಂತೀಯ, ಬಾಯಲ್ಲಿ ಬರೋದು ಬರೀ ಗ್ರೇಟ್ ವೈಟ್. ಶಾರ್ಕ್‌ಗಳಲ್ಲಿ 500ಕ್ಕೂ ಹೆಚ್ಚು ಜಾತಿಗಳಿವೆ. ಒಂದು ಜಾತಿ ಬೆಳೆದರೂ ಒಂದು ಗೇಣು, ಕತ್ತಲಲ್ಲಿ ಮೈ ಮಿನುಗುತ್ತದೆ. ತಿಮಿಂಗಿಲ ಶಾರ್ಕ್ ಮೀನುಗಳಲ್ಲೇ ದೊಡ್ಡದು, ತಿನ್ನೋದು ನೀರಲ್ಲಿ ತೇಲುವ ಚಿಕ್ಕ ಚಿಕ್ಕ ಜೀವಿಗಳನ್ನು, ಸಣ್ಣ ಮೀನುಗಳನ್ನು. ಬಾನೆಟ್‌ಹೆಡ್ ಅನ್ನೋ ಶಾರ್ಕ್ ಕಡಲ ಹುಲ್ಲನ್ನೂ ತಿಂದು ಜೀರ್ಣಿಸಿಕೊಳ್ಳುತ್ತದೆ. ಟಿವಿ ಇದನ್ನೆಲ್ಲ ಯಾಕೆ ತೋರಿಸುತ್ತೆ ಹೇಳು, ಹಲ್ಲಿಲ್ಲದಿದ್ದರೆ ಜನ ನೋಡಲ್ಲ ಅಲ್ವಾ!

ಅವು ಮರಿ ಹಾಕುವ ರೀತಿಯನ್ನು ನಿಧಾನವಾಗಿ ಓದು. ಕೆಲವು ತೊಗಲಿನ ಚೀಲದಂಥ ಮೊಟ್ಟೆ ಇಡುತ್ತವೆ. ಸ್ಯಾಂಡ್ ಟೈಗರ್ ಶಾರ್ಕಿನ ಗರ್ಭದಲ್ಲಿ ಮೊದಲು ಬಲಿತ ಮರಿ ಒಡಹುಟ್ಟಿದವುಗಳನ್ನೇ ತಿಂದುಬಿಡುತ್ತದೆ. ನಮ್ಮ ಪಶ್ಚಿಮ ಕರಾವಳಿಯ ಸ್ಪೇಡ್‌ನೋಸ್ ಶಾರ್ಕಿನ ಮೊಟ್ಟೆಯಲ್ಲಿ ಆಹಾರವೇ ಇಲ್ಲ ಅನ್ನುವಷ್ಟು ಕಮ್ಮಿ. ಅಲ್ಲಿ ಮರಿಗೆ ತಾಯಿಯಿಂದಲೇ ಹೊಕ್ಕುಳಬಳ್ಳಿಯ ಮೂಲಕ ಪೋಷಣೆ, ನಮ್ಮ ಹಾಗೆ. ಗ್ರೀನ್‌ಲ್ಯಾಂಡ್ ಶಾರ್ಕ್ ಮರಿ ಹಾಕುವ ವಯಸ್ಸಿಗೆ ಬರಲು ಸುಮಾರು 150 ವರ್ಷ ಬೇಕು ಅಂತ 2016ರಲ್ಲಿ ಅದರ ಕಣ್ಣಿನ ಮಸೂರ ಪರೀಕ್ಷಿಸಿದವರು ಅಂದಾಜು ಮಾಡಿದರು. ಬೂತಾಯಿ ಮೀನು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ, ಹಿಡಿದರೂ ಬೇಗ ತುಂಬಿಕೊಳ್ಳುತ್ತದೆ. ಶಾರ್ಕಿಗೆ ಅದು ಆಗಲ್ಲ. ಅದಕ್ಕೇ ನಮ್ಮ ದೇಶ 2001ರಲ್ಲಿ ತಿಮಿಂಗಿಲ ಶಾರ್ಕಿಗೆ ಕಾನೂನಿನ ರಕ್ಷಣೆ ಕೊಟ್ಟದ್ದು, 2015ರಲ್ಲಿ ರೆಕ್ಕೆಗಳ ರಫ್ತು ನಿಲ್ಲಿಸಿದ್ದು.

ಹಾಗಾಗಿ ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ ಅಂತ ಈಗಲೇ ಕನಸು ಕಾಣಬೇಡ. ಡಿಸೆಂಬರ್ ರಜೆಯಲ್ಲಿ ಮಂಗಳೂರಿಗೆ ಹೋಗೋಣ. ಜೂನ್, ಜುಲೈ ಬೇಡ, ಆಗ ಟ್ರಾಲರ್‌ಗಳಿಗೆ ನಿಷೇಧ. ನಸುಕಿನಲ್ಲೇ ಮೀನು ದೋಣಿಗಳು ಬರುವ ದಕ್ಕೆಗೆ ಹೋದರೆ ಬಲೆಗೆ ಬಿದ್ದ ಮರಿ ತಾಟೆಗಳು (ಶಾರ್ಕಿಗೆ ಅಲ್ಲಿನ ಹೆಸರು), ಚಪ್ಪಟೆ ಮೈಯ ತೊರಕೆ ಮೀನುಗಳು ಸಿಗಬಹುದು. ಅಳತೆ ಟೇಪು, ಒಂದು ನೋಟ್‌ಬುಕ್ ಇಟ್ಟುಕೋ. ಮಾರುವ ಹೆಂಗಸರನ್ನು ಕೇಳಿ ಕಲಿ, ಅವರ ಕೆಲಸಕ್ಕೆ ಅಡ್ಡ ನಿಲ್ಲಬೇಡ. ವಾಸನೆಯ ಬಟ್ಟೆ ನೋಡಿ ನಿಮ್ಮಮ್ಮ ಕೂಗಾಡಿದರೆ ನನ್ನ ಹೆಸರು ಹೇಳು. ಟಿಕೆಟ್ ನಾನೇ ಮಾಡಿಸುತ್ತೇನೆ, ತಾರೀಖು ಮಾತ್ರ ಬೇಗ ತಿಳಿಸು.

ಇತಿ,
ನಿನ್ನ ಮಾವ