33 ಲಾರಿ-ದಿನಗಳ ಹಾಲ್ಟಿಂಗ್ ಬಿಲ್: ಪೆಟ್ರಾಪೋಲ್ ಸಾಗಣೆ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ರಫ್ತು ಸಾಗಣೆ ಮತ್ತು ಕಸ್ಟಮ್ಸ್ ಕ್ಲಿಯರೆನ್ಸ್ ವಿಭಾಗ

ವಿಷಯ: ಪೆಟ್ರಾಪೋಲ್–ಬೆನಾಪೋಲ್ ಗಡಿಯ ಮೂಲಕ ಬಾಂಗ್ಲಾದೇಶಕ್ಕೆ ಹೋದ 1,200 ಚೀಲ ಒಣಮೆಣಸಿನಕಾಯಿ; ಹಾಲ್ಟಿಂಗ್ (ಲಾರಿ ನಿಂತ ದಿನಗಳ ಶುಲ್ಕ) ಬಿಲ್‌ಗೆ ಆಕ್ಷೇಪ, ನಷ್ಟ ಭರ್ತಿಗೆ ಬೇಡಿಕೆ.

ಮಾನ್ಯರೇ,

ಮೂರು ಲಾರಿಗೆ ತಲಾ 11 ದಿನದಂತೆ 33 ಲಾರಿ-ದಿನಗಳ ಹಾಲ್ಟಿಂಗ್ ಹಾಕಿ ಬಿಲ್ ಕಳಿಸಿದ್ದೀರಿ. ಕಾರಣದ ಕಾಲಂನಲ್ಲಿ ಇರುವುದು ಎರಡೇ ಪದ: ‘ಗಡಿ ವಿಳಂಬ’. ಆ ಎರಡು ಪದದ ಹಿಂದೆ ಎಷ್ಟು ದಿನ ಗಡಿಯದ್ದು, ಎಷ್ಟು ದಿನ ನಿಮ್ಮ ಕಚೇರಿಯದ್ದು ಎಂದು ಬಿಡಿಸಿ ನೋಡಿದ್ದೇವೆ. ಬಿಲ್ ಈಗಿರುವಂತೆ ಪಾವತಿಯಾಗುವುದಿಲ್ಲ.

ಆ ಗಡಿ ನಿಧಾನವೆಂಬುದು ಹೊಸ ಸುದ್ದಿಯೇನಲ್ಲ. ಅಲ್ಲಿ ಸರಕು ದಾಟಲು 138 ಗಂಟೆ ಹಿಡಿಯುತ್ತದೆ, ಅದರಲ್ಲಿ 28 ಗಂಟೆ ಒಂದು ಲಾರಿಯಿಂದ ಇನ್ನೊಂದಕ್ಕೆ ಬದಲಾಯಿಸುವುದಕ್ಕೇ ಹೋಗುತ್ತದೆ ಎಂದು ವಿಶ್ವ ಬ್ಯಾಂಕ್ 2021ರಲ್ಲಿ ಲೆಕ್ಕ ಕೊಟ್ಟಿತ್ತು. ಅಷ್ಟೇ ದಟ್ಟಣೆಯ ಪೂರ್ವ ಆಫ್ರಿಕಾದ ಗಡಿಗಳಲ್ಲಿ ಇದೇ ಕೆಲಸ ಆರು ಗಂಟೆಯೊಳಗೆ ಮುಗಿಯುತ್ತದಂತೆ. ಇರಲಿ. 138 ಗಂಟೆ ಎಂದರೂ ಆರು ದಿನ ತುಂಬುವುದಿಲ್ಲ. ನಮ್ಮ ಲಾರಿಗಳಿಗೆ ಆ ಕುಖ್ಯಾತ ಲೆಕ್ಕದ ಹತ್ತಿರ ಹತ್ತಿರ ಎರಡು ಪಟ್ಟು ಹಿಡಿಯಿತು.

ಮೊದಲ ನಾಲ್ಕು ದಿನ, ಮಂಗಳವಾರದಿಂದ ಶುಕ್ರವಾರದವರೆಗೆ, ಲಾರಿಗಳು ಗಡಿಗೆ ಮುಂಚಿನ ಬನಗಾಂವ್ ಬಳಿಯ ಪಾರ್ಕಿಂಗ್‌ನಲ್ಲಿ ಗಡಿ ದಾಟುವ ಸ್ಲಾಟ್‌ಗಾಗಿ ನಿಂತಿದ್ದವು. ಗಡಿಯ ಸರದಿ ಕಾಯ್ದಿರಿಸುವ ಪಶ್ಚಿಮ ಬಂಗಾಳ ಸರ್ಕಾರದ ಸುವಿಧಾ ಪೋರ್ಟಲ್ ಬಂದದ್ದೇ ಈ ಕಾಯುವಿಕೆ ತಪ್ಪಿಸಲು. ಲೋಡ್ ಆದ ದಿನವೇ ವಾಹನ ಸಂಖ್ಯೆ ಹಾಕಿ ದಿನಾಂಕ ಹಿಡಿದಿದ್ದರೆ, ಲಾರಿ ದಾರಿಯಲ್ಲಿದ್ದ ಆರು ದಿನದಲ್ಲೇ ಸರದಿ ಕರಗುತ್ತಿತ್ತು. ನಿಮ್ಮ ಸ್ಥಳೀಯ ಏಜೆಂಟರು ಬುಕಿಂಗ್ ಮಾಡಿದ್ದು ಲಾರಿಗಳು ಪಾರ್ಕಿಂಗ್ ಸೇರಿದ ಮೇಲೆ, ಮಂಗಳವಾರ ಸಂಜೆ. ಸಿಕ್ಕಿದ್ದು ಶನಿವಾರದ ಸ್ಲಾಟ್. ಇದು ಗಡಿಯ ವಿಳಂಬವಲ್ಲ.

ಶನಿವಾರ ಗೇಟಿನಲ್ಲಿ ಇನ್ನೊಂದು ಎಡವಟ್ಟು ಹೊರಬಿತ್ತು. ದಾರಿಯಲ್ಲಿ ಒಂದು ಲಾರಿಯ ಆಕ್ಸಲ್ ಕೆಟ್ಟು ಸರಕನ್ನು ಬೇರೆ ಲಾರಿಗೆ ಹಾಕಲಾಗಿತ್ತು. ಲಾರಿ ಕೆಡುವುದು ಸಹಜ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಎಲ್‌ಆರ್ (ಲಾರಿ ರಸೀದಿ), ಸ್ಲಾಟ್, ಕಾರ್ ಪಾಸ್ (ಲಾರಿ ಗಡಿ ದಾಟುವ ಪರವಾನಗಿ) ಅರ್ಜಿ ಮೂರರಲ್ಲೂ ಹಳೆಯ ನೋಂದಣಿ ಸಂಖ್ಯೆಯೇ ಉಳಿದಿತ್ತು. ಬದಲಿ ಲಾರಿಗೆ ಎತ್ತುವಾಗ ಹರಿದ ಆರು ಚೀಲಗಳನ್ನು ಪಕ್ಕಕ್ಕಿಟ್ಟದ್ದರಿಂದ ಎಣಿಕೆ 1,194ಕ್ಕೆ ಇಳಿದಿತ್ತು. ಕಸ್ಟಮ್ಸ್‌ಗೆ ಕೊಟ್ಟ ರಫ್ತು ಘೋಷಣೆ, ಅಂದರೆ ಶಿಪ್ಪಿಂಗ್ ಬಿಲ್, ಹೇಳುತ್ತಿದ್ದದ್ದು 1,200. ಕಸ್ಟಮ್ಸ್ ಕಾಯ್ದೆಯ 149ನೇ ಸೆಕ್ಷನ್ ಪ್ರಕಾರ ತಿದ್ದುಪಡಿ ಕೇಳದೆ ಮುಂದಿನ ದಾರಿಯಿಲ್ಲ. ಶನಿವಾರ ಅರ್ಜಿ, ಭಾನುವಾರ ಸಹಿ ಹಾಕುವವರಿಲ್ಲ, ಸೋಮವಾರ ಸಂಜೆ ಎಲ್‌ಇಒ (ಕಸ್ಟಮ್ಸ್‌ನ ರಫ್ತು ಅನುಮತಿ). ಹೀಗೆ ಮೂರು ದಿನ. ಆರು ಚೀಲ ಕಡಿಮೆಯಾದ ವಿಷಯವನ್ನು ಲಾರಿ ಕೆಟ್ಟ ದಿನವೇ ಫೋನಿನಲ್ಲಿ ತಿಳಿಸಿದ್ದರೆ, ಲಾರಿ ಬನಗಾಂವ್ ತಲುಪುವ ಮುಂಚೆ ಹೊಸ ಇನ್‌ವಾಯ್ಸ್ ಮತ್ತು ಪ್ಯಾಕಿಂಗ್ ಲಿಸ್ಟ್ ನಿಮ್ಮ ಮೇಜಿನ ಮೇಲಿರುತ್ತಿತ್ತು.

ಇಲ್ಲಿ ಇನ್ನೂ ದೊಡ್ಡ ತಪ್ಪು ಬೇರೆ. ಮೂರು ಲಾರಿಗೂ ಸೇರಿ ಒಂದೇ ಶಿಪ್ಪಿಂಗ್ ಬಿಲ್ ಹಾಕಿದಿರಿ. ನಮ್ಮ ಎಲ್‌ಸಿಯಲ್ಲಿ (ಖರೀದಿದಾರರ ಬ್ಯಾಂಕಿನ ಪಾವತಿ ಖಾತರಿ ಪತ್ರ) ಭಾಗಶಃ ಸಾಗಣೆಗೆ ಅನುಮತಿ ಇದೆ, ಲಾರಿಗೊಂದು ಬಿಲ್ ಹಾಕಿ ಎಂದು ಆರ್ಡರ್ ಕೊಡುವಾಗಲೇ ಬರೆದಿದ್ದೆವು. ಹಾಗೆ ಮಾಡಿದ್ದರೆ ಕಾಗದ ಸರಿಯಿದ್ದ ಎರಡು ಲಾರಿಗಳು, ಅಂದರೆ 800 ಚೀಲ, ಶನಿವಾರವೇ ದಾಟುತ್ತಿದ್ದವು. ಒಂದರ ಜಡ್ಡಿಗೆ ಮೂರಕ್ಕೂ ಪಥ್ಯ ಹಾಕಿದಂತಾಯಿತು. ಮೂರು ಬಿಲ್‌ಗೆ ಮೂರು ಸಲ ಡಾಕ್ಯುಮೆಂಟೇಶನ್ ಶುಲ್ಕ ಬೀಳುತ್ತದೆ ಎಂದು ನಿಮ್ಮವರು ಉಪಕಾರ ಮಾಡಿದಂತೆ ವಿವರಿಸಿದರು. ಆ ಉಳಿತಾಯ ಒಂದು ದಿನದ ಹಾಲ್ಟಿಂಗ್‌ಗೂ ಸಮವಲ್ಲ.

ಮರುವಾರದ ಮಂಗಳವಾರದಿಂದ ಶುಕ್ರವಾರದವರೆಗಿನ ಉಳಿದ ನಾಲ್ಕು ದಿನ ನಿಜವಾಗಿ ಗಡಿಯದ್ದು. ಭಾರತದ ಲಾರಿ ಢಾಕಾದವರೆಗೆ ಹೋಗುವುದಿಲ್ಲ. ಬೆನಾಪೋಲ್ ಯಾರ್ಡ್‌ನಲ್ಲಿ ಇಳಿಸಿ ಅಲ್ಲಿನ ಲಾರಿಗೆ ಏರಿಸಬೇಕು. ಲಾರಿಗಳು ನೇರವಾಗಿ ಗಡಿ ದಾಟಲೆಂದು ಭಾರತ, ಬಾಂಗ್ಲಾದೇಶ, ಭೂತಾನ್, ನೇಪಾಳ ಈ ನಾಲ್ಕು ದೇಶಗಳು ಮೋಟಾರು ವಾಹನ ಒಪ್ಪಂದಕ್ಕೆ ಥಿಂಪುವಿನಲ್ಲಿ ಸಹಿ ಹಾಕಿದ್ದು 2015ರ ಜೂನ್‌ನಲ್ಲಿ. ಹಮಾಲರ ತಲೆಯ ಮೇಲಿನ ಚೀಲ ಇನ್ನೂ ಇಳಿದಿಲ್ಲ. ಖರೀದಿದಾರರ ಬಿಲ್ ಆಫ್ ಎಂಟ್ರಿ (ಆಮದು ಘೋಷಣೆ), ಸಸ್ಯ ಸಂಗರೋಧದ ತಪಾಸಣೆ, ತೂಕ, ಮೇಲೆ ಶುಕ್ರವಾರದ ರಜೆ. ಇದ್ಯಾವುದೂ ನಿಮ್ಮ ಕೈಯಲ್ಲಿಲ್ಲ, ಒಪ್ಪುತ್ತೇವೆ. ಒಂದೆರಡು ದಿನ ಮೊದಲೇ ದಾಟಿದ್ದರೆ ಶುಕ್ರವಾರ ಅಡ್ಡ ಬರುತ್ತಲೇ ಇರಲಿಲ್ಲ ಎಂದು ವಾದಿಸಬಹುದಿತ್ತು. ಅದನ್ನು ಬಿಟ್ಟಿದ್ದೇವೆ.

ಆದ್ದರಿಂದ ನಮ್ಮ ಲೆಕ್ಕ ಇಷ್ಟು: ಪ್ರತಿ ಲಾರಿಗೆ ಗಡಿಯ ನಾಲ್ಕು ದಿನ, ಅದರಲ್ಲಿ ನಮ್ಮ-ನಿಮ್ಮ ಒಪ್ಪಂದದ ಉಚಿತ ಎರಡು ದಿನ ಕಳೆದರೆ ಎರಡು; ಮೂರು ಲಾರಿಗೆ ಆರು ಲಾರಿ-ದಿನ. ನೀವು ಉಚಿತ ದಿನಗಳನ್ನೂ ಕಳೆದಿಲ್ಲ. ಉಳಿದ 27 ಲಾರಿ-ದಿನಗಳನ್ನು ರದ್ದು ಮಾಡಿ ಹೊಸ ಬಿಲ್ ಕಳಿಸಿ.

ಇನ್ನು ಸರಕಿನ ಮಾತು. ಕಾಯಿಯನ್ನು ತುಂಬಿದಾಗ ತೇವಾಂಶ ಶೇ 10ರ ಆಸುಪಾಸಿನಲ್ಲಿತ್ತು, ಪರೀಕ್ಷಾ ವರದಿ ನಿಮ್ಮ ಬಳಿಯೂ ಇದೆ. ಮಳೆಗಾಲದ ಬಂಗಾಳದಲ್ಲಿ ಲಾರಿಯನ್ನು ಏಳು ದಿನ ಟಾರ್ಪಾಲು ಬಿಗಿದೇ ನಿಲ್ಲಿಸಿದರೆ ಏನಾಗುತ್ತದೆ ಎಂಬುದು ಈ ಸರಕು ಸಾಗಿಸುವ ಯಾರಿಗೂ ಗೊತ್ತು. ಹಗಲಿನ ಬಿಸಿಗೆ ಕಾಯಿಯೊಳಗಿನ ತೇವ ಆವಿಯಾಗಿ ಮೇಲೇರುತ್ತದೆ, ರಾತ್ರಿ ಟಾರ್ಪಾಲಿನ ಒಳಮೈಯಲ್ಲಿ ಹನಿಗಟ್ಟುತ್ತದೆ, ಆ ಹನಿ ಮೇಲಿನ ಸಾಲಿನ ಚೀಲಗಳಿಗೇ ತೊಟ್ಟಿಕ್ಕುತ್ತದೆ. ಮೊದಲು ತೊಟ್ಟಿನ ಬುಡ ಮೆತ್ತಗಾಗುತ್ತದೆ, ಆಮೇಲೆ ಬೂಷ್ಟು. ಬೂಷ್ಟು ಹಿಡಿದ ಕಾಯಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷದ ಭಯ ಇರುವುದರಿಂದ ಖರೀದಿದಾರರು ಆರಿಸಿ ಬೇರ್ಪಡಿಸುವ ಗೋಜಿಗೆ ಹೋಗುವುದಿಲ್ಲ, ಚೀಲವನ್ನೇ ತಿರಸ್ಕರಿಸುತ್ತಾರೆ. ಮೇಲಿನ ಸಾಲಿನ 46 ಚೀಲ ಹಾಗೆ ಹೋದವು. ಮಳೆ ಬಿಡುವು ಕೊಟ್ಟಾಗ ಹಿಂಬದಿಯ ಟಾರ್ಪಾಲು ಎತ್ತಿ ಗಾಳಿ ಆಡಿಸಿ, ಸಂಜೆ ಮತ್ತೆ ಕಟ್ಟಿ ಎಂದು ಲೋಡಿಂಗ್ ಸೂಚನೆಯಲ್ಲೇ ಇತ್ತು. ಚಾಲಕರಿಗೆ ಅದನ್ನು ಯಾರೂ ಹೇಳಿಯೇ ಇರಲಿಲ್ಲ.

ಬದಲಿ ಲಾರಿಗೆ ಎತ್ತುವಾಗ ಕೊಕ್ಕೆ ಬಳಸಿದ್ದೂ ಚೀಲಗಳ ತೂತುಗಳಿಂದ ಗೊತ್ತಾಗುತ್ತದೆ. ಒಣ ಕಾಯಿಗೆ ಕೊಕ್ಕೆ ತಾಗಿದರೆ ಸಿಪ್ಪೆ ಒಡೆದು ಬೀಜ ಉದುರುತ್ತದೆ, ಅಲ್ಲಿಗೆ ದರ್ಜೆ ಇಳಿಯಿತು. ಹರಿದ ಆರು ಚೀಲ ಎಲ್ಲಿವೆ ಎಂಬುದಕ್ಕೆ ಇಂದಿಗೂ ನಿಮ್ಮಿಂದ ಉತ್ತರವಿಲ್ಲ. 46 ಮತ್ತು 6, ಒಟ್ಟು 52 ಚೀಲ. ಚೀಲಕ್ಕೆ 40 ಕಿಲೋದಂತೆ 2,080 ಕಿಲೋ. ಇದರ ಬೆಲೆಯನ್ನು ಇನ್‌ವಾಯ್ಸ್ ದರದಲ್ಲಿ ಭರಿಸಿಕೊಡಬೇಕು.

ಹಣದ ಕಡೆ ಎರಡು ತೊಡಕು ಉಳಿದಿವೆ. ಎಲ್‌ಸಿಗಳ ಅಂತರರಾಷ್ಟ್ರೀಯ ನಿಯಮಾವಳಿಯಾದ ಯುಸಿಪಿ 600ರ ಪ್ರಕಾರ ಸಾಗಣೆಯಾದ 21 ದಿನದೊಳಗೆ ದಾಖಲೆಗಳು ಬ್ಯಾಂಕಿಗೆ ಹೋಗಬೇಕು. ನಮ್ಮ ಎಲ್‌ಸಿ ಗಡಿ ದಾಟಿದ ಮುದ್ರೆಯಿರುವ ಎಲ್‌ಆರ್ ಕೇಳುತ್ತದೆ. ದಾರಿಯ ಆರು ದಿನ, ಗಡಿಯ ಹನ್ನೊಂದು ದಿನ ಸೇರಿ 17 ಹೋದ ಮೇಲೆ, ಖಾಲಿ ಲಾರಿಯ ಜೊತೆಗೆ ಮುದ್ರೆಯ ಪ್ರತಿ ಕೈಗೆ ಬಂತು. ನಾಲ್ಕು ದಿನದಲ್ಲಿ ಓಡಾಡಿ ದಾಖಲೆ ಸಲ್ಲಿಸಿದೆವು, ಆದರೆ ಎಲ್‌ಆರ್‌ನಲ್ಲಿ ಹಳೆಯ ಲಾರಿ ಸಂಖ್ಯೆಯನ್ನು ಹೊಡೆದು ಹೊಸದು ಬರೆದದ್ದಕ್ಕೆ ಸಹಿಯಿಲ್ಲವೆಂದು ಬ್ಯಾಂಕ್ ಆಕ್ಷೇಪಿಸಿ ಶುಲ್ಕ ಕಡಿದಿದೆ. ಅದು ನಿಮ್ಮ ಖಾತೆಗೆ.

ಎರಡನೆಯದು ರಫ್ತಿನ ಮೇಲೆ ಕಟ್ಟಿದ ತೆರಿಗೆಯ, ಅಂದರೆ ಐಜಿಎಸ್‌ಟಿಯ, ಮರುಪಾವತಿ. ಪೋರ್ಟಲ್‌ನಲ್ಲಿ ಎಸ್‌ಬಿ006 ಎಂಬ ದೋಷ ಸಂಕೇತ ತೋರಿಸುತ್ತಿದೆ, ಅಂದರೆ ಇಜಿಎಂ (ದೇಶ ಬಿಟ್ಟ ಸರಕಿನ ಪಟ್ಟಿ) ಇನ್ನೂ ಶಿಪ್ಪಿಂಗ್ ಬಿಲ್ಲಿಗೆ ಕೂಡಿಕೊಂಡಿಲ್ಲ. ಶಿಪ್ಪಿಂಗ್ ಬಿಲ್ 1,194ಕ್ಕೆ ತಿದ್ದಿದ ಮೇಲೂ ಇಜಿಎಂನಲ್ಲಿ 1,200 ಎಂದೇ ಹೋಗಿದೆಯೇ ನೋಡಿ. ಅಲ್ಲಿ ತಿದ್ದಿಸದ ಹೊರತು ನಮ್ಮ ಕಡೆಯಿಂದ ಮಾಡುವಂಥದ್ದು ಏನೂ ಇಲ್ಲ.

ರಸ್ತೆ ಬಿಟ್ಟರೆ ಗತಿಯಿಲ್ಲ ಎಂಬ ಧಾಟಿಯಲ್ಲಿ ನಿಮ್ಮ ಹಿಂದಿನ ಪತ್ರವಿತ್ತು. 2020ರ ಜುಲೈನಲ್ಲಿ ಗುಂಟೂರು ಬಳಿಯ ರೆಡ್ಡಿಪಾಲೆಂನಿಂದ ಬೆನಾಪೋಲ್‌ಗೆ ವಿಶೇಷ ಪಾರ್ಸೆಲ್ ರೈಲಿನಲ್ಲಿ 384 ಟನ್ ಒಣಮೆಣಸಿನಕಾಯಿಯೇ ಹೋಗಿತ್ತು. ಟನ್ನಿಗೆ 4,608 ರೂಪಾಯಿ ಬಿದ್ದಿತ್ತು. ಆಗ ರಸ್ತೆಯಲ್ಲಿ 7,000. ನಮ್ಮ 48 ಟನ್‌ಗೆ ಯಾರೂ ರೈಲು ಬಿಡುವುದಿಲ್ಲ ನಿಜ, ಆದರೆ ನಾಲ್ಕಾರು ರಫ್ತುದಾರರು ಸೇರಿದರೆ ಒಂದು ರೈಲು ತುಂಬುತ್ತದೆ. ಆ ಮಾತುಕತೆ ಶುರುವಾಗಿದೆ.

ಬಾಕಿ ಇರುವ ಎರಡು ಸಾಗಣೆಗಳನ್ನು ನಿಮಗೇ ಕೊಡಬೇಕೆಂದರೆ, ಲಾರಿಗೊಂದು ಶಿಪ್ಪಿಂಗ್ ಬಿಲ್, ಲೋಡ್ ಆದ ದಿನವೇ ಸ್ಲಾಟ್ ರಸೀದಿ, ವಾಹನ ಬದಲಾದರೆ ಅಂದೇ ಸಹಿ ಮಾಡಿದ ಹೊಸ ಎಲ್‌ಆರ್ ಬೇಕು. ಹಾಲ್ಟಿಂಗ್ ಬಿಲ್‌ನಲ್ಲಿ ಪಾರ್ಕಿಂಗ್ ಪ್ರವೇಶ, ಸ್ಲಾಟ್, ಎಲ್‌ಇಒ, ಗೇಟ್ ದಾಟಿದ್ದು, ಇಳಿಸಿದ್ದು, ಖಾಲಿ ಮರಳಿದ್ದು ಇವುಗಳ ದಿನಾಂಕ ಮತ್ತು ಗಂಟೆ ಪ್ರತ್ಯೇಕವಾಗಿ ಇರಬೇಕು. ‘ಗಡಿ ವಿಳಂಬ’ ಎಂದಷ್ಟೇ ಬರೆದ ಬಿಲ್ ವಾಪಸಾಗುತ್ತದೆ.

ಪರಿಷ್ಕೃತ ಬಿಲ್, 52 ಚೀಲಗಳ ಬಗ್ಗೆ ಲಿಖಿತ ಉತ್ತರ, ಇಜಿಎಂ ತಿದ್ದುಪಡಿಯ ಪ್ರತಿ ಈ ಮೂರೂ 15 ದಿನದೊಳಗೆ ತಲುಪಬೇಕು. ಅಲ್ಲಿಯವರೆಗೆ ಆರು ಲಾರಿ-ದಿನಗಳ ಮೊತ್ತವನ್ನೂ ತಡೆಹಿಡಿದಿದ್ದೇವೆ.

ಇಂತಿ,
ರಫ್ತು ದಾಖಲೆ ವಿಭಾಗ

ಲಗತ್ತು: ಎಲ್‌ಆರ್ ಪ್ರತಿಗಳು, ಸ್ಲಾಟ್ ರಸೀದಿ, ತಿದ್ದುಪಡಿ ಅರ್ಜಿ, ತೇವಾಂಶ ವರದಿ, ಖರೀದಿದಾರರ ತಿರಸ್ಕಾರ ಪತ್ರ, ಚೀಲಗಳ ಫೋಟೊ.