ಸೊಸೆಯ ಮುತ್ತಜ್ಜನ ಅಪ್ಪನ ಫೈಲು

ಸಂಪಾದಕರೇ ನಮಸ್ಕಾರ,

ವಂಶಾವಳಿ ಹುಡುಕೋ ಬಗ್ಗೆ ನಿಮ್ಮಲ್ಲಿ ಬಂದ ಪತ್ರ ಓದಿ ನಾನೂ ಬರೀತಿದೀನಿ, ಈಗ ಅಮೆರಿಕದಲ್ಲಿ ಮಗನ ಮನೇಲಿದೀನಿ. ಸೊಸೆ ಇಲ್ಲಿಯವಳೇ. ಅವಳ ಮುತ್ತಜ್ಜನ ಅಪ್ಪ 1861-65ರ ಸಿವಿಲ್ ವಾರ್‌ನಲ್ಲಿ (ಅಮೆರಿಕದ ಉತ್ತರ-ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧ) ಉತ್ತರದವರ ಕಡೆಯ 20ನೇ ಮೇಯ್ನ್ ಇನ್‌ಫೆಂಟ್ರಿ, ಅಂದ್ರೆ ಕಾಲಾಳು ರೆಜಿಮೆಂಟಲ್ಲಿ ಸಿಪಾಯಿ, ಅದೇ 1863ರ ಜುಲೈ 2ಕ್ಕೆ ಗೆಟ್ಟಿಸ್‌ಬರ್ಗ್‌ನ ಲಿಟಲ್ ರೌಂಡ್ ಟಾಪ್ ಗುಡ್ಡದಲ್ಲಿ ಮದ್ದುಗುಂಡು ಮುಗೀತಾ ಬಂದಾಗ ಬಯೊನೆಟ್ ಹಿಡ್ಕೊಂಡೇ ಕೆಳಗೆ ನುಗ್ಗಿದ ಕರ್ನಲ್ ಚೇಂಬರ್ಲೇನ್ ಪಡೆ.

ಆ ಯುದ್ಧದ ಸಿಪಾಯಿಗಳ ಹೆಸರು ಹುಡುಕೋಕೆ ನ್ಯಾಷನಲ್ ಪಾರ್ಕ್ ಸರ್ವಿಸ್‌ನವರ ಡೇಟಾಬೇಸ್ ಫ್ರೀ, ಆದ್ರೆ ಅಲ್ಲಿ ಒಂದೇ ಹೆಸರಿನವರು ರಾಶಿ ರಾಶಿ, ರೆಜಿಮೆಂಟು ಗೊತ್ತಿಲ್ದೆ ಹೋದ್ರೆ ತಲೆ ಕೆಟ್ಟೋಗತ್ತೆ. ಆಮೇಲೆ ಸೊಸೆ ವಾಷಿಂಗ್ಟನ್ನಿನ ನ್ಯಾಷನಲ್ ಆರ್ಕೈವ್ಸಿಂದ (ಸರ್ಕಾರದ ಹಳೇ ದಾಖಲೆ ಇಡೋ ಕಚೇರಿ) ಅವರ ಫೈಲ್ ತರಿಸಿದ್ಲು. ಸರ್ವಿಸ್ ರೆಕಾರ್ಡಲ್ಲಿ ಹೆಚ್ಚಾಗಿ ಹಾಜರಿ, ಸಂಬಳ ಅಷ್ಟೇ. ನಿಜವಾದ ಕಥೆ ಇರೋದು ಪೆನ್ಶನ್ ಫೈಲಲ್ಲಿ! ಗಂಡ ಹೋದ್ಮೇಲೆ ಆ ಅಜ್ಜಿ, ತನಗೆ ಮದುವೆ ಆಗಿದ್ದು ನಿಜ ಅಂತ ಅಕ್ಕಪಕ್ಕದವರ ಕೈಲಿ ಅಫಿಡವಿಟ್ ಬರೆಸಿದಾಳೆ, ನಮ್ಮ ತಾಲೂಕ್ ಆಫೀಸೇ ನೆನಪಾಯ್ತು ನೋಡಿ.

ಒಂದು ಮಾತು, ಸೌತ್ ಕಡೆ ಹೋರಾಡಿದವರ ಪೆನ್ಶನ್ ಕಾಗದ ನ್ಯಾಷನಲ್ ಆರ್ಕೈವ್ಸಲ್ಲಿ ಹುಡುಕ್ಬೇಡಿ, ಅವರಿಗೆ ಕೊಟ್ಟಿದ್ದು ಆಯಾ ರಾಜ್ಯದವರು, ಅಲ್ಲೇ ಕೇಳ್ಬೇಕು.

– ನಿಮ್ಮ ಓದುಗಳು