ಮುಯ್ಯಿ ಬಾಕಿ ಇದೆ

ಪ್ರೀತಿಯ ಅಪ್ಪೆಮಿಡಿ,

ನಿನ್ನ ಕವರ್ ಮಂಗಳವಾರ ಬಂತು. ಮೂಲೆ ಸ್ವಲ್ಪ ನೆನೆದಿತ್ತು, ಆದರೆ ಒಳಗಿನ ಸೀತಾಳೆ ದಂಡೆ ಹೂವಿಗೆ ಏನೂ ಆಗಿಲ್ಲ. ಹಳೆ ಪೇಪರಿನ ಮಧ್ಯೆ ಎಷ್ಟು ನೀಟಾಗಿ ಒಣಗಿಸಿದ್ದೀಯ ಮಾರಾಯ! "ಗಾಳಿಗೆ ಬಿದ್ದದ್ದು, ಕಿತ್ತದ್ದಲ್ಲ" ಅಂತ ಚೀಟಿ ಬೇರೆ. ನನಗೆ ಗೊತ್ತಿಲ್ಲವಾ? ಕಂಡಕ್ಟರ್ ಆಣೆಗೂ ನೀನು ಕೀಳುವವನಲ್ಲ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಎಲ್ಲರೆದುರು ಬರೆಯುವುದಕ್ಕೆ ಕಾರಣ ಇದೆ, ಆಮೇಲೆ ಹೇಳುತ್ತೇನೆ.

ಒಂದು ತಿಂಗಳಿಂದ ಚಾರ್ಲ್ಸ್ ವಿಲ್ಕಿನ್ಸ್ ಶಾರ್ಟ್ ಎಂಬವನು ನನ್ನ ತಲೆಯಲ್ಲಿ ಕೂತಿದ್ದಾನೆ. ಅಮೆರಿಕದ ಕೆಂಟಕಿಯವನು, 1794ರಲ್ಲಿ ಹುಟ್ಟಿದವನು. ಓದಿದ್ದು ವೈದ್ಯಕೀಯ, ಹೊಟ್ಟೆಪಾಡಿಗೆ ಲೆಕ್ಸಿಂಗ್ಟನ್‌ನಲ್ಲಿ, ಆಮೇಲೆ ಲೂಯಿವಿಲ್‌ನಲ್ಲಿ ಪಾಠ ಮಾಡಿದ. ಜೀವ ಇದ್ದದ್ದು ಮಾತ್ರ ಗಿಡಗಳಲ್ಲಿ. ಆಗ ಸಸ್ಯಗಳ ಅಭ್ಯಾಸ ನಡೆಯುತ್ತಿದ್ದುದೇ ಅಂಚೆಯ ಮೇಲೆ. ನಿಮ್ಮೂರಿನ ಒಂದೇ ಗಿಡದ ಹತ್ತಿಪ್ಪತ್ತು ಕೊಂಬೆ ತರಬೇಕು, ಕಾಗದದ ನಡುವೆ ಇಟ್ಟು ಭಾರ ಹೇರಬೇಕು, ಬೂಷ್ಟು ಹಿಡಿಯದ ಹಾಗೆ ಒದ್ದೆ ಕಾಗದ ಬದಲಾಯಿಸುತ್ತಲೇ ಇರಬೇಕು, ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು ಅಂತ ಚೀಟಿ ಬರೆಯಬೇಕು, ಆಮೇಲೆ ಕಟ್ಟು ಕಟ್ಟಿ ಮುಖ ನೋಡದ ಯಾರಿಗೋ ಕಳಿಸಬೇಕು. ಅವರು ತಮ್ಮೂರಿನದನ್ನು ಕಳಿಸುತ್ತಾರೆ. ನಮ್ಮ ಮದುವೆ ಮನೆಯ ಮುಯ್ಯಿ ಇದ್ದ ಹಾಗೆ. ಬರೆದಿಟ್ಟುಕೊಳ್ಳಲಿ ಬಿಡಲಿ, ಲೆಕ್ಕ ಮನಸ್ಸಿನಲ್ಲಿ ಇದ್ದೇ ಇರುತ್ತದೆ.

ಮಾರಾಟವೂ ಇತ್ತು. ಟೆಕ್ಸಸ್‌ನಲ್ಲಿ ಲಿಂಡ್‌ಹೈಮರ್ ಎಂಬವನು ಕಾಡು ಅಲೆದು ಕೂಡಿಸಿದ ಗಿಡಗಳನ್ನು ಹಾರ್ವರ್ಡ್‌ನ ಏಸಾ ಗ್ರೇ ಮತ್ತು ಸೇಂಟ್ ಲೂಯಿಸ್‌ನ ವೈದ್ಯ ಎಂಗೆಲ್‌ಮನ್ ಸೇರಿ ಚಂದಾದಾರರಿಗೆ ಹಂಚುತ್ತಿದ್ದರು, ನೂರಕ್ಕೆ 8 ಡಾಲರ್. ನಮ್ಮ ಕಡೆಯವೂ ಹಾಗೆ ಹೋಗಿವೆ. ಬಾಸೆಲ್ ಮಿಶನ್ನಿನ ಮೆಟ್ಸ್ ಮಂಗಳೂರಿನ ಸುತ್ತ ಕೂಡಿಸಿದ್ದನ್ನು ಜರ್ಮನಿಯಲ್ಲಿ ಹೋಹೆನಾಕರ್ ಎಂಬವನು ಕಟ್ಟುಕಟ್ಟಾಗಿ ಮಾರಿದ. ಚೀಟಿಯ ಮೇಲೆ ಕೆನರಾ ಅಂತ ಇದೆ, 1849 ಅಂತ ಇದೆ. ಆಗ ನಿನ್ನ ಸಿರ್ಸಿಯೂ ಕೆನರಾ ಜಿಲ್ಲೆಯೇ. ಮೆಟ್ಸ್ ಹೆಸರಿನ ಹುಲ್ಲೇ ಇದೆ, ಅರುಂಡಿನೆಲ್ಲಾ ಮೆಟ್ಜಿಯೈ. ಅವನಿಗೆ ಗುಡ್ಡದ ದಾರಿ ತೋರಿಸಿದ ನಮ್ಮವರು ಇದ್ದೇ ಇರಬೇಕು ಅಲ್ವಾ? ಅವರ ಹೆಸರು ನನಗೆ ಎಲ್ಲೂ ಸಿಕ್ಕಿಲ್ಲ.

ಶಾರ್ಟ್ ಮಾತ್ರ ಲೆಕ್ಕಕ್ಕಿಂತ ಜಾಸ್ತಿ ಕೊಟ್ಟವನು. ಸಾವಿರಾರು ಮಾದರಿಗಳನ್ನು ಸುಮ್ನೆ ಹಂಚಿದ. ಬೇರೆಯವರು ಮುದುಡಿದ ಎಲೆ ಕಳಿಸುತ್ತಿದ್ದ ಕಾಲದಲ್ಲಿ ಇವನ ಹಾಳೆಗಳು ಅಷ್ಟು ಚೊಕ್ಕ. ಗ್ರೇಗೆ ಅದು ಗೊತ್ತಿತ್ತು. 1839ರಲ್ಲಿ ಗ್ರೇ ಪ್ಯಾರಿಸ್‌ಗೆ ಹೋದಾಗ, ಮಿಶೋ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞನ ಹಳೆ ಸಂಗ್ರಹದಲ್ಲಿ ಹೆಸರಿಲ್ಲದ ಒಂದು ಗಿಡ ಸಿಕ್ಕಿತು. ಎಲೆ ಇದೆ, ಒಂದು ಕಾಯಿ ಇದೆ, ಹೂವಿಲ್ಲ. ಸಿಕ್ಕಿದ್ದು ಕೆರೊಲಿನಾದ ಎತ್ತರದ ಬೆಟ್ಟಗಳಲ್ಲಿ ಅಂತ ಮಾತ್ರ ಬರೆದಿತ್ತು. 1842ರಲ್ಲಿ ಗ್ರೇ ಮತ್ತು ಅವನ ಗೆಳೆಯ ಟೋರಿ ಸೇರಿ ಅದಕ್ಕೆ ಶಾರ್ಟಿಯಾ ಅಂತ ಹೆಸರಿಟ್ಟರು. ಶಾರ್ಟ್‌ನ ಹೆಸರು! ಆಮೇಲೆ ಹುಡುಕಿದ್ದೇ ಹುಡುಕಿದ್ದು. ಎತ್ತರದ ಬೆಟ್ಟಗಳಲ್ಲಿ ಅದು ಇರಲೇ ಇಲ್ಲ, ಕೆಳಗೆ ಹೊಳೆ ದಂಡೆಯ ನೆರಳಲ್ಲಿತ್ತು. 1877ರಲ್ಲಿ ನಾರ್ತ್ ಕೆರೊಲಿನಾದ ಕಟಾಬಾ ಹೊಳೆಯ ಪಕ್ಕದಲ್ಲಿ ಜಾರ್ಜ್ ಹೈಯಮ್ಸ್ ಎಂಬ ಹುಡುಗನಿಗೆ ಸಿಕ್ಕಿತು. ಅವನಪ್ಪ ಗಿಡಮೂಲಿಕೆ ವ್ಯಾಪಾರಿ. ಇದೇನು ಅಂತ ಅವರಿಗೂ ಗೊತ್ತಿರಲಿಲ್ಲ. ಮರುವರ್ಷ ಅದು ಕೈಯಿಂದ ಕೈಗೆ ಹೋಗಿ ಗ್ರೇ ಮೇಜು ತಲುಪಿತು. ನಲವತ್ತು ವರ್ಷ ಆಗುತ್ತ ಬಂದಿತ್ತು.

ಶಾರ್ಟ್ 1863ರಲ್ಲೇ ತೀರಿಕೊಂಡಿದ್ದ. ತನ್ನ ಹೆಸರಿನ ಗಿಡದ ಹೂವನ್ನು ಅವನು ನೋಡಲೇ ಇಲ್ಲ.

ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ ಕಣೋ. ಹೂ ನೋಡದೆ ಹೋದನಲ್ಲ ಅಂತ ಅಲ್ಲ. ಕೊಟ್ಟವನ ಹೆಸರನ್ನು ಗ್ರೇ ಒಂದು ಗಿಡಕ್ಕೇ ಕಟ್ಟಿಬಿಟ್ಟನಲ್ಲ, ಅದಕ್ಕೆ.

ಕಳೆದ ವರ್ಷ ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಗಿಡಗಳ ಬಗ್ಗೆ ಮಾತಾಡಿದೆ ಅಂತ ಫೋಟೊ ಕಳಿಸಿದ್ದೆ, ನೆನಪಿದೆಯಾ? ಮೇಜಿನ ಮೇಲಿದ್ದ ಹಾಳೆಗಳೆಲ್ಲ ನಿನ್ನವು. ಒಂದೆಲಗ, ಕನ್ನೆಕುಡಿ, ಆಯಿ ತಂಬುಳಿಗೆ ಹಾಕುವ ಎಲ್ಲ ಸೊಪ್ಪು. ಅಕ್ಷರ ದೊಡ್ಡದಾಗಿ ಕಾಣಲಿ ಅಂತ ಚೀಟಿಗಳನ್ನು ಹೊಸದಾಗಿ ಟೈಪ್ ಮಾಡಿದ್ದೆ. ಆಗ ನಿನ್ನ ಹೆಸರು ಬಿಟ್ಟುಹೋಯಿತು. ಇಲ್ಲ, ಬಿಟ್ಟುಹೋಗಲಿಲ್ಲ, ನಾನೇ ಬಿಟ್ಟೆ. ಒಬ್ಬರು ಬಂದು, "ಸರ್, ಇಷ್ಟನ್ನೂ ನೀವೇ ಕೂಡಿಸಿದ್ದಾ?" ಅಂತ ಕೇಳಿದರು. "ಹೂಂ, ಆರು ವರ್ಷದಿಂದ" ಅಂದೆ. ಆರು ವರ್ಷ ಅನ್ನುವುದೊಂದೇ ನಿಜ.

ಯಾಕೆ ಹಾಗಂದೆ ಅಂತ ತುಂಬ ಯೋಚನೆ ಮಾಡಿದೆ. ನೀನು ತೋಟ ನೋಡಿಕೊಂಡು, ಆಯಿಯನ್ನು ನೋಡಿಕೊಂಡು ಊರಲ್ಲೇ ಉಳಿದೆ. ನಾನು ಬಂದುಬಿಟ್ಟೆ. ಆ ಗುಡ್ಡ, ಆ ಹಳ್ಳ ಇನ್ನೂ ನನ್ನದೂ ಹೌದು ಅಂತ ಯಾರಿಗಾದರೂ ಹೇಳಬೇಕಿತ್ತು. ಅದಕ್ಕೆ ನಿನ್ನ ಹಾಳೆ ಬಳಸಿಕೊಂಡೆ. ಆಮೇಲೆ ನಿನ್ನ ಮೂರು ಕವರಿಗೆ ಉತ್ತರ ಬರೆಯಲಿಲ್ಲ. ಕೆಲಸ ಜಾಸ್ತಿ ಅಂದಿದ್ದೆ. ಕೆಲಸ ಇರಲಿಲ್ಲ, ಮುಖ ಇರಲಿಲ್ಲ.

ಇಷ್ಟೆಲ್ಲ ಹೇಳಬೇಕು ಅಂತ ಕೂತವನಲ್ಲ. ಆ ದಿನ ಅಲ್ಲಿದ್ದವರಲ್ಲಿ ಕೆಲವರು ಇದನ್ನು ಓದುತ್ತಾರೆ, ಅದಕ್ಕೇ ಇಲ್ಲಿ ಬರೆದೆ. ಆ ಹಾಳೆಗಳೆಲ್ಲ ಸಿರ್ಸಿಯ ನನ್ನ ಗೆಳೆಯನವು. ಅವನ ಹೆಸರು ಇಲ್ಲಿ ಹಾಕಿದರೆ ನನ್ನನ್ನು ಅಘನಾಶಿನಿಗೆ ತಳ್ಳುತ್ತಾನೆ, ಹಾಗಾಗಿ ಪ್ರತಿ ಚೀಟಿಯಲ್ಲೂ ನನ್ನ ಕೈಯಾರೆ ಬರೆದಿದ್ದೇನೆ. ನಿನ್ನೆ ರಾತ್ರಿ ಮುಗಿಯಿತು, ನೂರಾ ಹನ್ನೆರಡು.

ಸರಿ, ಈಗ ನನ್ನ ಕಡೆಯ ಮುಯ್ಯಿ. ನಾಳೆ ಒಂದು ಕವರ್ ಹಾಕುತ್ತೇನೆ. ಒಳಗೆ ನಮ್ಮ ಬೀದಿಯ ಟಬೇಬುಯಾ ಹೂವು, ಮೊದಲ ಸಲ ನಾನೇ ಒಣಗಿಸಿದ್ದು. ಎರಡು ಎಸಳು ಹರಿದಿವೆ. ಕಾಗದ ಬದಲಾಯಿಸುವುದು ಒಂದು ದಿನ ತಪ್ಪಿತ್ತು. ಅದೂ ಅಮೆರಿಕದ್ದೇ ಅಂತ ನೀನು ಶುರು ಮಾಡುತ್ತೀಯ, ಮಾಡು. ಗಾಳಿಗೆ ಬಿದ್ದದ್ದು, ಕಿತ್ತದ್ದಲ್ಲ.

ಆಯಿಗೆ ನಮಸ್ಕಾರ ಹೇಳು. ಉಪ್ಪಿನಕಾಯಿ ಭರಣಿ ಖಾಲಿಯಾಗಿದೆ ಅಂತಲೂ ಹೇಳು. ಏಳನೇ ನಂಬರ್ ಬಸ್ಸಿನ ವಿಷಯ ಮಾತ್ರ ಹೇಳಬೇಡ.

ನಿನ್ನ,
ಹಿಂದಿನ ಸೀಟು